ಮನೆ ಮಾಡು: ಮೊದಲು ದೋಣಿಯ ಬಾಯಿ ನೋಡಿ

ಕಳೆದ ತಿಂಗಳು ಗೋಡೆಯ ತೇವದ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಮಾತಿಗೆ ಬಂದು ನಿಂತಿವೆ. ಮಾಡಿನ ನೀರು ಹೋಗುವ ದಾರಿ ಕಟ್ಟಿಕೊಳ್ಳುತ್ತದೆ, ಏನು ಮಾಡೋಣ ಅಂತ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ.

ಮುಂಬೈಯಲ್ಲಿ ಗಟರ್ ಅಂದರೆ ಎಲ್ಲರಿಗೂ ರಸ್ತೆ ಬದಿಯ ಚರಂಡಿಯೇ ನೆನಪಾಗುತ್ತದೆ. ನಾನು ಹೇಳುವುದು ಅದನ್ನಲ್ಲ. ಮಾಡಿನ ಅಂಚಿಗೆ ಉದ್ದಕ್ಕೂ ಕಟ್ಟಿರುತ್ತಾರಲ್ಲ, ತಗಡಿನದೋ ಪಿವಿಸಿಯದೋ, ಆ ದೋಣಿಯನ್ನು. ಬೈಂದೂರಿನ ನಮ್ಮ ಮನೆಯಲ್ಲಿ ಅದು ಅಡಿಕೆ ಮರ ಸೀಳಿ ಮಾಡಿದ ದಂಬೆ. ಅಪ್ಪ ಬೇಸಿಗೆ ಪೂರ್ತಿ ಊರವರ ಮನೆಯ ಹೆಂಚು ಕೈಯಾಡಿಸುತ್ತಿದ್ದರು. ನಾನು ಹದಿನೆಂಟಕ್ಕೆ ಮುಂಬೈಗೆ ಬಂದವನು, ಬಿಲ್ಡಿಂಗ್ ರಿಪೇರಿಯ ಸೂಪರ್‌ವೈಸರ್ ಆಗಿ 34 ವರ್ಷ ಕೆಲಸ ಮಾಡಿದೆ. ದಂಬೆ ಹೋಗಿ ಪಿವಿಸಿ ಬಂದಿದೆ. ಕಟ್ಟಿಕೊಳ್ಳುವ ರೀತಿ ಮಾತ್ರ ಆವತ್ತಿನಂತೆಯೇ ಇದೆ.

ಪ್ರಶ್ನೆ (ಡೊಂಬಿವಲಿ): ಅಣ್ಣಾ, ನಮ್ಮದು ನಾಲ್ಕು ಮಹಡಿಯ ಹಳೇ ಬಿಲ್ಡಿಂಗ್. ನಾವಿರುವುದು ಮೇಲಿನ ಮಹಡಿಯಲ್ಲಿ. ಮೇ ಕೊನೆಗೆ ಸೊಸೈಟಿಯವರು ತಪ್ಪದೆ ಟೆರೇಸ್ ಗುಡಿಸುತ್ತಾರೆ. ಆದರೂ ಜುಲೈ ಬಂತೆಂದರೆ ಮೇಲೆ ನೀರು ನಿಲ್ಲುತ್ತದೆ, ಬೆಡ್‌ರೂಮಿನ ಒಂದು ಮೂಲೆ ಒದ್ದೆಯಾಗುತ್ತದೆ. ವಾಟರ್‌ಪ್ರೂಫಿಂಗ್ ಮಾಡಿಸಿ ಅಂತ ಒಬ್ಬರು ದೊಡ್ಡ ಲೆಕ್ಕ ಕೊಟ್ಟಿದ್ದಾರೆ. ಮಾಡಿಸೋದಾ?

ಉತ್ತರ: ತಡೀರಿ ತಂಗಿ, ಈಗಲೇ ದುಡ್ಡು ಕೊಡಬೇಡಿ. ಮೊದಲು ಒಂದು ಕೆಲಸ ಮಾಡಿ. ಟೆರೇಸಿಗೆ ಹೋಗಿ, ನಿಮ್ಮ ಬೆಡ್‌ರೂಮಿನ ಆ ಮೂಲೆ ಮೇಲೆ ಎಲ್ಲಿಗೆ ಬರುತ್ತದೆ ಅಂತ ನೋಡಿ. ನೀರು ಇಳಿದು ಹೋಗುವ ಬಾಯಿಯ ಹತ್ತಿರಕ್ಕೇ ಬಂದರೆ ಅರ್ಧ ಉತ್ತರ ಸಿಕ್ಕಿತು. ಪೈಪು ಸ್ಲ್ಯಾಬಿನೊಳಗೆ ಇಳಿಯುವ ಆ ಸಂದಿನಲ್ಲಿ ನೀರು ಗಂಟೆಗಟ್ಟಲೆ ನಿಂತರೆ ಎಂಥ ಸಿಮೆಂಟೂ ಬಿಟ್ಟುಕೊಳ್ಳುತ್ತದೆ. ಬಾಯಿ ಸರಿ ಮಾಡದೆ ಟೆರೇಸ್ ಪೂರ್ತಿ ವಾಟರ್‌ಪ್ರೂಫಿಂಗ್ ಮಾಡಿಸಿದರೆ ಎರಡು ಮಳೆಗಾಲ ತಡೆಯಬಹುದು, ಮೂರನೆಯದಕ್ಕೆ ಮತ್ತೆ ಅದೇ ಮೂಲೆ.

ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು, ಆಗಸ್ಟ್ ತಿಂಗಳು. ಮುಲುಂಡಿನ ಒಂದು ಬಿಲ್ಡಿಂಗಿನಿಂದ ರಾತ್ರಿ ಹನ್ನೊಂದಕ್ಕೆ ಫೋನ್ ಬಂತು. ಲಿಫ್ಟಿನ ಗುಂಡಿಗೆ ಮೇಲಿನಿಂದ ನೀರು ಸುರಿಯುತ್ತಿದೆ ಅಂತ. ಹೋಗಿ ಟೆರೇಸಿನ ಬಾಗಿಲು ತೆಗೆದರೆ ಗೇಣುದ್ದ ನೀರು. ಹೊಸಿಲು ದಾಟಿ ಮೆಟ್ಟಿಲ ಮೇಲೆ ಹರಿಯುತ್ತಿತ್ತು. ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಮೂಲೆಗೆ ಹೋಗಿ ನೀರೊಳಗೆ ಕೈ ಹಾಕಿ ತಡಕಿದೆ. ಬೆರಳಿಗೆ ಮೆತ್ತಗೆ ಏನೋ ತಾಗಿತು. ಅರ್ಧ ಲೀಟರಿನ ಹಾಲಿನ ಪ್ಯಾಕೆಟ್. ಚಪ್ಪಟೆ ಜಾಳಿಯ ಮೇಲೆ ಅಂಗೈ ಊರಿದ ಹಾಗೆ ಅಂಟಿ ಕೂತಿತ್ತು. ಮೇಲಿನ ನೀರಿನ ಭಾರಕ್ಕೆ ಎಳೆದರೂ ಬರಲೊಲ್ಲದು. ಒಂದು ಅಂಚಿಗೆ ಉಗುರು ತೂರಿಸಿ ಎಬ್ಬಿಸಿದೆ. ಗೊಳಗೊಳ ಅಂತ ಶುರುವಾಯಿತು. ಎಲ್ಲ ಇಳಿಯಲು ಎರಡು ಗಂಟೆ ಹಿಡಿಯಿತು. ಆ ಟೆರೇಸನ್ನೂ ಮೇ ಕೊನೆಗೆ ಚೆನ್ನಾಗಿಯೇ ಗುಡಿಸಿದ್ದರು.

ಆ ನೀರಿನ ಭಾರ ಎಷ್ಟಿರಬಹುದು ಅಂತ ಯಾರೂ ಯೋಚಿಸುವುದಿಲ್ಲ. ಎರಡು ಸಾವಿರ ಚದರ ಅಡಿಯ ಟೆರೇಸಿನಲ್ಲಿ ನಾಲ್ಕೇ ಇಂಚು ನೀರು ನಿಂತರೂ 18 ಟನ್ನಿಗಿಂತ ಜಾಸ್ತಿ. ನಿಮ್ಮ ತಲೆಯ ಮೇಲೆ ಅಷ್ಟು ಭಾರ ಕೂತಿರುತ್ತದೆ.

ಗುಡಿಸುವುದು ತಪ್ಪಲ್ಲ. ವರ್ಷಕ್ಕೆ ಒಂದೇ ಸಲ ಗುಡಿಸಿ ಸುಮ್ನಾಗುವುದು ತಪ್ಪು. ಮುಂಬೈಯಲ್ಲಿ ಕಾಗೆಗಳು ಗೂಡು ಕಟ್ಟುವುದೇ ಮಳೆಗೆ ಮೊದಲಿನ ಎರಡು ತಿಂಗಳಲ್ಲಿ. ತಂತಿ, ಕಡ್ಡಿ, ಪೊರಕೆಯ ಎಳೆ ಎಲ್ಲ ಆಗಲೇ ಟೆರೇಸಿಗೆ ಬೀಳುತ್ತದೆ. ಸಾಮಾನ್ಯವಾಗಿ ಇಲ್ಲಿಗೆ ಮುಂಗಾರು ಕಾಲಿಡುವುದು ಜೂನ್ 11ರ ಆಸುಪಾಸು. ಅದಕ್ಕೂ ಮೊದಲು ಬರುವ ಗಾಳಿಗೆ ಅಕ್ಕಪಕ್ಕದ ತಾಡಪತ್ರಿ ಚೂರು, ಪ್ಲಾಸ್ಟಿಕ್ ಚೀಲ ಎಲ್ಲ ಹಾರಿಬಂದು ನಿಮ್ಮ ಟೆರೇಸಿನಲ್ಲೇ ಇಳಿಯುತ್ತವೆ. ಆದ್ದರಿಂದ ರೋಹಿಣಿ ಮಳೆಯ ಹೊತ್ತಿಗೆ ಒಮ್ಮೆ ಪೂರ್ತಿ ಗುಡಿಸಿ. ಮೊದಲ ಜೋರು ಮಳೆ ಬಂದ ಮಾರನೇ ದಿನ ಮತ್ತೊಮ್ಮೆ. ಆ ಎರಡನೆಯದು ಮೊದಲನೆಯದಕ್ಕಿಂತ ಮುಖ್ಯ, ಏಕೆಂದರೆ ವರ್ಷದ ಧೂಳು, ಪಾರಿವಾಳದ ಗರಿ, ಹಿಕ್ಕೆ ಎಲ್ಲ ಅವತ್ತು ತೊಳೆದುಬಂದು ಬಾಯಿಯಲ್ಲೇ ಕೂರುತ್ತದೆ. ಆಮೇಲೆ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಬಾಯಿಯೊಂದನ್ನು ನೋಡಿದರೆ ಸಾಕು. ಐದು ನಿಮಿಷದ ಕೆಲಸ.

ಜಾಳಿ ಚಪ್ಪಟೆಯದಾಗಿದ್ದರೆ ಬದಲಿಸಿ. ಗುಮ್ಮಟದ ಹಾಗೆ ಮೇಲೆದ್ದ ಜಾಳಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಪ್ಲಾಸ್ಟಿಕ್ ಚೀಲ ಅದರ ಒಂದು ಪಕ್ಕವನ್ನು ಮುಚ್ಚಿದರೂ ಇನ್ನೊಂದು ಪಕ್ಕ ನೀರು ಎಳೆಯುತ್ತದೆ. ಪೈಪು ಕೆಳಗೆ ತಿರುಗುವ ಕಡೆ ಮುಚ್ಚಳ ಇರುವ ಬೆಂಡ್ ಇದೆಯಾ ಅಂತಲೂ ನೋಡಿ, ಡೋರ್ ಬೆಂಡ್ ಅಂತಾರೆ. ಅದಿದ್ದರೆ ಪ್ಲಂಬರ್ ಅಲ್ಲಿಂದಲೇ ಸ್ಪ್ರಿಂಗ್ (ಸುರುಳಿಯ ಉದ್ದ ತಂತಿ) ಹಾಕಿ ಬಿಡಿಸುತ್ತಾನೆ. ಆ್ಯಸಿಡ್ ಮಾತ್ರ ಸುರಿಯಬೇಡಿ. ಎಲೆ, ಮಣ್ಣು, ಪ್ಲಾಸ್ಟಿಕ್ ಅದಕ್ಕೆ ಕರಗುವುದಿಲ್ಲ. ಕೆಳಗೆ ಕೈ ಹಾಕುವವನ ಕೈ ಸುಡುತ್ತದೆ.

ಇಷ್ಟು ಮಾಡಿ ಒಂದು ಮಳೆಗಾಲ ನೋಡಿ. ಆಗಲೂ ಮೂಲೆ ಒದ್ದೆಯಾದರೆ ದೀಪಾವಳಿ ಕಳೆದ ಮೇಲೆ, ಒಳ್ಳೆ ಬಿಸಿಲಿನಲ್ಲಿ ವಾಟರ್‌ಪ್ರೂಫಿಂಗ್ ಮಾತು.

ಪ್ರಶ್ನೆ (ಮಡಗಾಂವ್, ಗೋವಾ): ಮೂರು ವರ್ಷದ ಹಿಂದೆ ಇಲ್ಲಿ ಹಳೇ ಹೆಂಚಿನ ಮನೆ ಕೊಂಡೆವು. ಎರಡು ಮಾಡು ಸೇರುವ ಮೂಲೆಯಲ್ಲಿ ಸೋರುತ್ತದೆ. ಎರಡು ಸಲ ಹೆಂಚು ಬದಲಿಸಿದರೂ ನಿಂತಿಲ್ಲ. ಅಂಗಳದಲ್ಲಿ ಮೂರು ತೆಂಗು, ಒಂದು ಹಲಸು. ನಮ್ಮ ಯಜಮಾನರಿಗೆ 66 ವರ್ಷ. ಏಣಿ ಹತ್ತಿ ತಾವೇ ನೋಡುತ್ತೇನೆ ಎನ್ನುತ್ತಾರೆ, ನನಗೆ ಭಯ.

ಉತ್ತರ: ಅಕ್ಕಾ, ನಿಮ್ಮ ಭಯ ಸರಿಯಾದದ್ದು. ಅದನ್ನು ಕೊನೆಗೆ ಹೇಳುತ್ತೇನೆ.

ತಪ್ಪು ಹೆಂಚಿನದ್ದಲ್ಲ ಅಂತ ನನಗೆ ಅನಿಸುತ್ತದೆ. ಎರಡು ಮಾಡು ಕೂಡುವಲ್ಲಿ ಹೆಂಚಿನ ಕೆಳಗೆ ಉದ್ದದ ತಗಡಿನ ದೋಣಿ ಹಾಸಿರುತ್ತಾರೆ. ಎರಡೂ ಕಡೆಯ ನೀರು ಬಂದು ಬೀಳುವುದು ಅದಕ್ಕೇ. ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಐನೂರು ಚದರ ಅಡಿಯ ಮಾಡಿನ ಮೇಲೆ ಒಂದು ತಾಸಿನಲ್ಲಿ 50 ಮಿಲಿಮೀಟರ್ ಸುರಿದರೆ 2300 ಲೀಟರ್ ಆಯಿತು. ಅಷ್ಟೂ ಆ ಒಂದು ತಗಡಿನ ಮೇಲೆ ಓಡಬೇಕು. ಅಲ್ಲಿ ಒಂದು ಹಲಸಿನ ಎಲೆ ಅಡ್ಡ ಸಿಕ್ಕಿಕೊಂಡರೆ ಅದರ ಹಿಂದೆ ಇನ್ನೊಂದು, ಅದರ ಹಿಂದೆ ತೆಂಗಿನ ಹೂವಿನ ಚೂರು. ಸಣ್ಣ ಕಟ್ಟೆಯೇ ಕಟ್ಟಿಬಿಡುತ್ತದೆ. ನೀರು ಮೇಲೇರಿ ಹೆಂಚಿನ ಅಡಿಗೆ ನುಗ್ಗಿ, ಮಾಡು ಹೊತ್ತ ಮರದ ಪಕಾಸಿಯ ಮೇಲೆ ಇಳಿಯುತ್ತದೆ.

ನಿಮ್ಮ ಹೆಂಚಿನ ಹಿಂಬದಿ ನೋಡಿದ್ದೀರಾ? ಮಂಗಳೂರಿನ ಕಾರ್ಖಾನೆಯ ಹೆಸರು ಇದ್ದರೂ ಇರಬಹುದು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರು ಮಾಡಿದ ಈ ಹೆಂಚು ಕರಾವಳಿಯ ಉದ್ದಕ್ಕೂ ಹೋಯಿತು. ಮೇಲಿನಿಂದ ಕೆಳಗೆ ಓಡುವ ನೀರಿಗೆ ಇದರಷ್ಟು ಒಳ್ಳೆಯ ಮಾಡು ಇನ್ನೊಂದಿಲ್ಲ ಅಂತಲೇ ನನ್ನ ನಂಬಿಕೆ. ಆದರೆ ನಿಂತ ನೀರನ್ನೂ ಹಿಂದಕ್ಕೆ ಏರುವ ನೀರನ್ನೂ ಅದು ತಡೆಯುವುದಿಲ್ಲ. ತಡೆಯಲಿ ಅಂತ ಮಾಡಿದ್ದೂ ಅಲ್ಲ.

ಶುಚಿ ಮಾಡುವ ಕ್ರಮ ಹೇಳುತ್ತೇನೆ, ಕೆಲಸದವರಿಗೆ ಹಾಗೇ ಹೇಳಿ. ಮೊದಲು ಇಳಿಯುವ ಪೈಪಿನ ಬಾಯಿಗೆ ಹಳೇ ಬಟ್ಟೆ ತುರುಕಬೇಕು. ಇದನ್ನು ಮರೆತರೆ ಮೇಲಿನ ಕಸವೆಲ್ಲ ಪೈಪಿನೊಳಗೆ ಹೋಗಿ ಕೂರುತ್ತದೆ. ಆಮೇಲೆ ಮೂಲೆಯ ದೋಣಿಯನ್ನು ಮೇಲಿನಿಂದ ಕೆಳಗೆ ಬಳಿಯಬೇಕು. ಕಬ್ಬಿಣದ ಕರಣೆ ಬೇಡ, ತಗಡು ಗೀರಿದರೆ ಅಲ್ಲಿಂದಲೇ ತುಕ್ಕು, ಅದೂ ಸಮುದ್ರದ ಗಾಳಿ ಇರುವ ಊರು. ನಮ್ಮಪ್ಪ ಅಡಿಕೆ ಹಾಳೆಯನ್ನು ನೆನೆಸಿ, ಒಂದು ಮೊಳ ಕತ್ತರಿಸಿ, ತುದಿಯನ್ನು ದಂಬೆಯ ಅಗಲಕ್ಕೆ ಸರಿಯಾಗಿ ದುಂಡಗೆ ಮಾಡಿಕೊಳ್ಳುತ್ತಿದ್ದರು. ಒಮ್ಮೆ ಎಳೆದರೆ ಕರಿ ಕೆಸರು, ಕೊಳೆತ ಎಲೆ, ಎರೆಹುಳ ಎಲ್ಲ ಒಟ್ಟಿಗೆ ಬರುತ್ತಿತ್ತು. ದಂಬೆಯ ಮೈಗೆ ಗೀರೂ ಬೀಳುತ್ತಿರಲಿಲ್ಲ. ಗೋವಾದಲ್ಲಿ ಅಡಿಕೆ ಹಾಳೆಗೆ ಬರವಿಲ್ಲ. ಸಿಗದಿದ್ದರೆ ಎಣ್ಣೆಯ ಪ್ಲಾಸ್ಟಿಕ್ ಕ್ಯಾನ್ ಓರೆಯಾಗಿ ಕತ್ತರಿಸಿ, ಅದೂ ಆಗುತ್ತದೆ. ಕೈಗೆ ದಪ್ಪ ಗ್ಲೌಸ್ ಬೇಕು. ದೋಣಿಯ ತಂಪಿಗೆ ಚೇಳು ಇರುತ್ತದೆ, ಹಾವೂ ಮಲಗಿರುತ್ತದೆ.

ಕಸ ಎಲ್ಲ ತೆಗೆದ ಮೇಲೆ ಬಟ್ಟೆ ಬಿಚ್ಚಿ ನೀರು ಬಿಡಬೇಕು. ಕೆಳಗೆ ನಿಂತು ಪೈಪು ಹಿಡಿದು ಮೇಲ್ಮುಖವಾಗಿ ಚಿಮ್ಮಿಸಬೇಡಿ, ಹೆಂಚಿನ ಸಂದಿನಲ್ಲಿ ಒಳಗೆ ನುಗ್ಗುತ್ತದೆ. ಮೇಲಿನಿಂದ ಎರಡು ಬಕೆಟ್ ಸುರಿದು ನೀರು ಎಲ್ಲೂ ನಿಲ್ಲದೆ ಹೋಗುತ್ತದಾ ಅಂತ ನೋಡಿದರೆ ಸಾಕು. ಅಂಚಿನ ದೋಣಿಯಲ್ಲಿ ನೀರು ನಿಂತರೆ ಇಳಿಜಾರು ಹೋಗಿದೆ ಅಂತ ಅರ್ಥ. ಹತ್ತು ಅಡಿ ಉದ್ದಕ್ಕೆ ಒಂದು ಇಂಚು ಇಳಿಜಾರು ಬೇಕು. ಒದ್ದೆ ಕಸದ ಭಾರಕ್ಕೆ ಕ್ಲಾಂಪ್ ಜಗ್ಗಿ ಅದು ತಪ್ಪಿಹೋಗುತ್ತದೆ. ಆರಿಂಚು ಅಗಲ, ನಾಲ್ಕಿಂಚು ಆಳ, ಮೂವತ್ತಡಿ ಉದ್ದದ ದೋಣಿ ಬರೀ ನೀರು ತುಂಬಿದರೇ ಸುಮಾರು 140 ಕಿಲೋ.

ನಿಮ್ಮ ತೆಂಗಿನದು ಇನ್ನೊಂದು ತೊಂದರೆ ಇದೆ. ಉದುರಿದ ಮಿಡಿಗಾಯಿ ಉರುಳಿಕೊಂಡು ಬಂದು ಪೈಪಿನ ಬಾಯಿಗೆ ಬೂಚಿನ ಹಾಗೆ ಕೂರುತ್ತದೆ. ಬಾಯಿಗೆ ತಂತಿಯ ಗುಮ್ಮಟ ಜಾಳಿ ಇಡಿಸಿ.

ಈಗ ಏಣಿಯ ಮಾತು. ಯಜಮಾನರು ಹತ್ತುವುದು ಬೇಡ. ತೆಂಗಿನಕಾಯಿ ಕೀಳಲು ಪಾಡೇಲಿ ಬರುತ್ತಾನಲ್ಲ, ಅವನಿಗೇ ಇನ್ನಷ್ಟು ದುಡ್ಡು ಕೊಟ್ಟು ಅದೇ ದಿನ ದೋಣಿಯನ್ನೂ ಬಳಿಸಿ. ವರ್ಷಕ್ಕೆ ನಾಲ್ಕು ಸಲ ಕಾಯಿ ಕೀಳಿಸಿದರೆ ನಾಲ್ಕು ಸಲ ದೋಣಿ ಶುಚಿ. ಯಾರೇ ಹತ್ತಲಿ, ಏಣಿಯನ್ನು ದೋಣಿಗೆ ಆನಿಸಬಾರದು, ಗೋಡೆಗೆ ಆನಿಸಬೇಕು. ನಾಲ್ಕಡಿ ಎತ್ತರಕ್ಕೆ ಒಂದಡಿ ಲೆಕ್ಕದಲ್ಲಿ ಬುಡ ಹೊರಗೆ ಇರಬೇಕು. ಕೆಳಗೆ ಒಬ್ಬರು ಹಿಡಿದು ನಿಂತಿರಬೇಕು. ಕರೆಂಟ್ ತಂತಿ ಹತ್ತಿರ ಇದ್ದರೆ ಅಲ್ಯುಮಿನಿಯಂ ಏಣಿ ಬೇಡವೇ ಬೇಡ, ಒಣಗಿದ ಬಿದಿರಿನದೇ ಆಗಲಿ. ಹಾವಸೆ ಹಿಡಿದ ಹೆಂಚಿನ ಮೇಲೆ ಮಳೆಗಾಲದಲ್ಲಿ ಯಾರೂ ಕಾಲಿಡಬಾರದು. ಅಪ್ಪ ಸೊಂಟ ಮುರಿದುಕೊಂಡದ್ದು ಹಾಗೇ. ಮೂವತ್ತು ವರ್ಷದ ಅನುಭವದ ಮೇಲೆ, ಆಷಾಢದ ಒಂದು ಬೆಳಿಗ್ಗೆ, ಒಂದೇ ಒಂದು ಎಲೆ ತೆಗೆಯಲು ಹತ್ತಿದ್ದರು. ಆಮೇಲೆ ಅವರು ಏಣಿ ಮುಟ್ಟಲಿಲ್ಲ.

ಪ್ರಶ್ನೆ (ಕೋಥ್ರೂಡ್, ಪುಣೆ): ನಮ್ಮ ರೋ ಹೌಸಿನ ಪಕ್ಕದಲ್ಲೇ ದೊಡ್ಡ ಮಳೆ ಮರ, ಎದುರಿಗೆ ಗುಲ್ಮೊಹರ್. ದೋಣಿಗೆ ಉದ್ದಕ್ಕೂ ಬಲೆ ಹೊದಿಸಿದರೆ ಶುಚಿ ಮಾಡುವ ಕೆಲಸವೇ ಇರುವುದಿಲ್ಲ ಅಂತ ಹೇಳಿದರು. ಹಾಕಿಸಿದೆವು. ಈಗ ನೀರು ಬಲೆಯ ಮೇಲಿಂದಲೇ ಹಾರಿ ಅಂಗಳಕ್ಕೆ ಬೀಳುತ್ತದೆ.

ಉತ್ತರ: ಬಲೆ ದೊಡ್ಡ ಎಲೆಗೆ ಸರಿ. ಹಲಸು, ಮಾವು, ಬಾದಾಮಿ ಮರ ಇದ್ದವರಿಗೆ ಹಾಕಿಸಿ ಅಂತ ನಾನೇ ಹೇಳುತ್ತೇನೆ. ನಿಮ್ಮ ಎರಡೂ ಮರದ್ದು ಸಣ್ಣ ಸಣ್ಣ ಎಲೆ. ಅರ್ಧ ಬಲೆಯೊಳಗೆ ಇಳಿಯುತ್ತದೆ, ಅರ್ಧ ಬಲೆಯ ಕಣ್ಣಿಗೆ ಅಂಟಿಕೊಳ್ಳುತ್ತದೆ. ಒಮ್ಮೆ ನೆನೆದು ಒಣಗಿದರೆ ಹಪ್ಪಳದ ಹಾಗೆ ಗಟ್ಟಿ. ಮೇಲೆ ಬಲೆ ಇರುವುದರಿಂದ ಒಳಗಿನ ಹೂಳು ಕಣ್ಣಿಗೂ ಬೀಳುವುದಿಲ್ಲ. ಬಲೆ ತೆಗೆಸಿ. ಪೈಪಿನ ಬಾಯಿಗೆ ಮಾತ್ರ ಜಾಳಿ ಇರಲಿ.

ಕ್ಯಾಲೆಂಡರಿನಲ್ಲಿ ಮಳೆಯ ದಿನ ನೋಡುವ ಮೊದಲು ನಿಮ್ಮ ಮರವನ್ನು ನೋಡಿ. ಇಡೀ ಪುಟದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಎಲ್ಲರೂ ಜೂನ್ ಅಂತ ಓಡಾಡುತ್ತಾರೆ. ಆದರೆ ಮಳೆ ಮರ ಎಲೆ ಉದುರಿಸುವುದು ಶಿವರಾತ್ರಿಯ ಆಸುಪಾಸು. ಆ ಎಲೆ ಮೂರು ತಿಂಗಳು ದೋಣಿಯಲ್ಲೇ ಬಿದ್ದಿದ್ದು ಪುಡಿಯಾಗಿ, ಧೂಳಿನ ಜತೆ ಸೇರಿ, ಮೇ ತಿಂಗಳ ಗುಡುಗು ಮಳೆಗೆ ನೆನೆದು ರಾಡಿಯಾಗುತ್ತದೆ. ಯುಗಾದಿಗೆ ಮನೆ ಸಾರಿಸುವಾಗ ಒಣಗಿದ ಎಲೆಯನ್ನು ತೆಗೆದರೆ ಪೊರಕೆಗೇ ಬರುತ್ತದೆ, ಜೂನಿನಲ್ಲಿ ತೆಗೆದರೆ ಕೆರೆಯಬೇಕು. ಗುಲ್ಮೊಹರಿನದು ಬೇರೆ ಲೆಕ್ಕ. ಅದರ ಹೂವು ಏಪ್ರಿಲಿನಿಂದ ಜೂನ್‌ವರೆಗೆ. ಕೆಂಪು ಎಸಳು ಮೊದಲ ಮಳೆಗೇ ರಾಶಿ ಬೀಳುತ್ತದೆ, ಒದ್ದೆಯಾದರೆ ಕಾಗದದ ಹಾಗೆ ಜಾಳಿಗೆ ಮೆತ್ತಿಕೊಳ್ಳುತ್ತದೆ. ಹಾಗಾಗಿ ನಿಮಗೆ ಯುಗಾದಿಗೆ ಒಮ್ಮೆ, ಮೊದಲ ಮಳೆ ಆದ ಮೇಲೆ ಒಮ್ಮೆ.

ಪುಣೆಯವರು ಇನ್ನೊಂದನ್ನು ಮರೆಯುತ್ತಾರೆ. ನಿಮ್ಮಲ್ಲಿ ಮಳೆ ಮುಂಬೈಯ ಮೂರರಲ್ಲೊಂದು ಪಾಲು. ಗಣಪತಿ ಮುಳುಗಿದ ಮೇಲೆ ಮಳೆಗಾಲ ಮುಗಿಯಿತು ಅಂತ ಕೈಬಿಡುತ್ತಾರೆ. ಆದರೆ ಪುಣೆಯಲ್ಲಿ ಕೊನೆಗೆ ಬರುವ ಗುಡುಗು ಮಳೆಯೇ ಜೋರು. 2019ರ ಸೆಪ್ಟೆಂಬರ್ 25ರ ರಾತ್ರಿ ಆಂಬಿಲ್ ಓಢಾ ಅನ್ನುವ ಹಳ್ಳ ಉಕ್ಕಿ ಮನೆಗಳಿಗೆ ನುಗ್ಗಿದ್ದು ನಿಮಗೇ ಗೊತ್ತಿದೆ. ಹಸ್ತಾ ಮಳೆಗೆ ಮೊದಲು, ಪಿತೃಪಕ್ಷದ ದಿನಗಳಲ್ಲಿ ಮೂರನೇ ಸಲ ದೋಣಿ ನೋಡಿ.

ಪ್ರಶ್ನೆ (ಮಾಟುಂಗಾ): ಸಜ್ಜಾದ ಮೇಲೆ ಪೈಪಿನ ಬದಿಗೆ ಅರಳಿ ಗಿಡ ಹುಟ್ಟಿದೆ. ಕೀಳಲು ಮನೆಯಲ್ಲಿ ಹಿರಿಯರು ಬಿಡುತ್ತಿಲ್ಲ.

ಉತ್ತರ: ಹಿರಿಯರ ಮನಸ್ಸು ನೋಯಿಸದೆ ಮಾಡುವ ದಾರಿ ಇದೆ. ಗಿಡ ಬೆರಳುದ್ದ ಇರುವಾಗಲೇ, ಮಳೆಗೆ ನೆನೆದು ಬೇರು ಸಡಿಲವಾದ ದಿನ, ಬೇರು ಸಮೇತ ಎಬ್ಬಿಸಿ ಕುಂಡದಲ್ಲಿ ನೆಡಿ. ನಾನು ಹೀಗೆ ಎಬ್ಬಿಸಿದ ಎರಡು ಗಿಡ ಇವತ್ತು ಬೈಂದೂರಿನಲ್ಲಿ ನಮ್ಮ ದೇವಸ್ಥಾನದ ಹಿಂದೆ ಮರವಾಗಿ ನಿಂತಿವೆ. ಕಾಗೆಯ ಹಿಕ್ಕೆಯಲ್ಲಿ ಬಂದ ಬೀಜ ಅದು. ದೋಣಿಯಲ್ಲೋ ಸಂದಿನಲ್ಲೋ ಒಂದು ಚಿಟಿಕೆ ಮಣ್ಣು ನಿಂತಿದ್ದರೆ ಸಾಕು ಮೊಳೆಯಲು. ಅಲ್ಲಿ ಗಿಡ ಹುಟ್ಟಿದೆ ಅಂದರೆ ಕಸ ನಿಲ್ಲುತ್ತಿದೆ ಅಂತಲೇ ಗೊತ್ತುಮಾಡಿಕೊಳ್ಳಿ. ಮೇಲಿನ ಸೊಪ್ಪು ಮಾತ್ರ ಕತ್ತರಿಸಿದರೆ ಬೇರು ಒಳಗೆ ದಪ್ಪವಾಗುತ್ತ ಹೋಗಿ ಗೋಡೆ ಸೀಳುತ್ತದೆ. ಹೆಬ್ಬೆರಳಿಗಿಂತ ದಪ್ಪ ಆಗಿದ್ದರೆ ಗಾರೆ ಒಡೆದೇ ಬೇರು ತೆಗೆಸಬೇಕು.

ಪ್ರಶ್ನೆ (ಭಾಂಡುಪ್): ನಮ್ಮದು ಚಾಳು, ಸಿಮೆಂಟ್ ಪತ್ರೆಯ (ಶೀಟಿನ) ಮಾಡು. ಹತ್ತಿ ಗುಡಿಸಬಹುದಾ?

ಉತ್ತರ: ಬೇಡಪ್ಪಾ, ಹತ್ತಬೇಡಿ. ಹಳೇ ಸಿಮೆಂಟ್ ಪತ್ರೆ ನೋಡಲು ಗಟ್ಟಿ, ಕಾಲಿಟ್ಟರೆ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಉದ್ದ ಬಿದಿರಿಗೆ ಪೊರಕೆ ಕಟ್ಟಿ ಏಣಿಯ ಮೇಲಿಂದಲೇ ಎಳೆಯಿರಿ. ಒಣಗಿದ್ದಾಗ ಉಜ್ಜಬೇಡಿ, ಮೊದಲು ನೀರು ಚಿಮುಕಿಸಿ. ಆ ಪತ್ರೆಯಲ್ಲಿ ಆಸ್‌ಬೆಸ್ಟಾಸ್ ಇರುತ್ತದೆ, ಅದರ ಧೂಳು ಉಸಿರಿನಲ್ಲಿ ಹೋಗುವುದು ಪುಪ್ಪುಸಕ್ಕೆ ತುಂಬ ಕೆಟ್ಟದ್ದು. ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ. ಪಾರಿವಾಳದ ಹಿಕ್ಕೆ ಬಳಿಯುವವರಿಗೂ ಇದೇ ಮಾತು, ನೆನೆಸಿ ಬಳಿಯಿರಿ.

ಪ್ರಶ್ನೆ (ಬೋರಿವಲಿ): ಅಕ್ಟೋಬರಿನಲ್ಲಿ ಮಳೆ ನಿಂತ ಮೇಲೂ ಸೊಳ್ಳೆ ಜಾಸ್ತಿ. ಪಕ್ಕದವರಿಗೆ ಡೆಂಗೀ ಆಯಿತು. ಕೆಳಗೆಲ್ಲೂ ನೀರು ನಿಂತಿಲ್ಲ.

ಉತ್ತರ: ಮೇಲೆ ನೋಡಿದಿರಾ? ಡೆಂಗೀ ಸೊಳ್ಳೆ ಚರಂಡಿಯ ಕೊಳಕು ನೀರು ಹುಡುಕುವುದಿಲ್ಲ. ತಿಳಿ ನೀರು ಒಂದು ಲೋಟದಷ್ಟಿದ್ದರೂ ಸಾಕು. ಜಗ್ಗಿದ ದೋಣಿಯ ಹೊಟ್ಟೆಯಲ್ಲಿ, ಮಡಿಚಿಟ್ಟ ತಾಡಪತ್ರಿಯ ಸುಕ್ಕಿನಲ್ಲಿ, ಸಜ್ಜಾದ ಮೂಲೆಯಲ್ಲಿ ಅದು ಸಿಗುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹತ್ತು ದಿನ. ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ, ಮತ್ತೆ ನೀರು ಮುಟ್ಟಿದರೆ ಮರಿ ಹೊರಬರುತ್ತದೆ. ಆದ್ದರಿಂದ ನೀರು ಚೆಲ್ಲಿದರೆ ಮಾತ್ರ ಆಗಲಿಲ್ಲ, ದೋಣಿಯ ಒಳಮೈಯನ್ನು ಬ್ರಷ್ಷಿನಿಂದ ಉಜ್ಜಿ ತೊಳೆಯಬೇಕು. ದಸರಾ ಶುಚಿಯಲ್ಲಿ ಇದನ್ನೂ ಸೇರಿಸಿ. ದೀಪಾವಳಿ ಮುಗಿದ ಮಾರನೇ ದಿನ ಮತ್ತೊಮ್ಮೆ ಮೇಲೆ ಹೋಗಿ ರಾಕೆಟ್ ಕಡ್ಡಿ, ಪಟಾಕಿ ಕಾಗದ ಎತ್ತಿಬಿಡಿ. ಸಂಕ್ರಾಂತಿ ಆದ ಮೇಲೆ ಗಾಳಿಪಟದ ಮಾಂಜಾ. ಆ ದಾರ ಪೈಪಿನೊಳಗೆ ಹೋದರೆ ಸಿಕ್ಕಿದ ಕಸವನ್ನೆಲ್ಲ ಸುತ್ತಿಕೊಂಡು ಉಂಡೆಯಾಗುತ್ತದೆ, ಸ್ಪ್ರಿಂಗಿಗೂ ಬರುವುದಿಲ್ಲ.

ಪ್ರಶ್ನೆ (ಕಾಂದಿವಲಿ): ಟೆರೇಸಿನ ಪೈಪು ಕಟ್ಟಿ ನಮ್ಮ ಫ್ಲ್ಯಾಟಿಗೆ ನೀರು ಬಂತು. ಮೇಲಿನ ಮಹಡಿಯವರೇ ಖರ್ಚು ಹಾಕಿಕೊಳ್ಳಿ ಅಂತ ಕಮಿಟಿಯವರು ಹೇಳುತ್ತಾರೆ. ಇದು ನ್ಯಾಯವಾ?

ಉತ್ತರ: ನ್ಯಾಯವಲ್ಲ. ಟೆರೇಸು, ಮಳೆ ನೀರಿನ ಪೈಪು ಎಲ್ಲರಿಗೂ ಸೇರಿದ್ದು. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಬೈಲಾದಲ್ಲಿ ಮಳೆ ನೀರಿನ ಸೋರಿಕೆ, ಹೊರಗಿನ ಸಾರ್ವಜನಿಕ ಪೈಪಿನ ಸೋರಿಕೆ ಸೊಸೈಟಿಯ ಖರ್ಚಿನಲ್ಲೇ ಬರುತ್ತದೆ. ಜಗಳ ಆಡಬೇಡಿ. ಸೆಕ್ರೆಟರಿಗೆ ಒಂದು ಪತ್ರ ಬರೆಯಿರಿ, ಕಟ್ಟಿದ ಬಾಯಿಯ ಫೋಟೋ, ಒದ್ದೆ ಗೋಡೆಯ ಫೋಟೋ ಎರಡೂ ಇಡಿ, ಒಂದು ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಮುಂದಿನ ಮೀಟಿಂಗಿನಲ್ಲಿ ವಾಚ್‌ಮನ್‌ಗೆ ವಾರಕ್ಕೊಮ್ಮೆ ಟೆರೇಸಿನ ಬಾಯಿ ನೋಡುವ ಕೆಲಸ ಕೊಡಿ ಅಂತ ಕೇಳಿ. ಅದಕ್ಕೆ ಅವನಿಗೆ ಬೇರೆಯಾಗಿ ದುಡ್ಡು ಕೊಡಬೇಕು ಅಂತಲೂ ಹೇಳಿ. ಮಳೆಯಲ್ಲಿ ಮೇಲೆ ಹೋಗಿ ಕೆಸರಿಗೆ ಕೈ ಹಾಕುವವನು ಅವನು.

ಮುಂದಿನ ತಿಂಗಳು ಕಿಟಕಿಯ ಚೌಕಟ್ಟಿನಿಂದ ಒಳಬರುವ ಇರಿಚಲಿನ ಬಗ್ಗೆ ಬರೆಯುತ್ತೇನೆ. ಪ್ರಶ್ನೆ ಕಳಿಸುವವರು ಮನೆ ಯಾವ ದಿಕ್ಕಿಗೆ ಮುಖ ಮಾಡಿದೆ, ಎಷ್ಟನೇ ಮಹಡಿ, ಹತ್ತಿರ ಯಾವ ಮರ ಇದೆ ಅಂತ ತಪ್ಪದೆ ಬರೆಯಿರಿ.